ರಿಪೋರ್ಟಿನ ಆಲ್ಬುಮಿನ್ ಸಾಲು

ಮೂತ್ರ ಪರೀಕ್ಷೆಯ ರಿಪೋರ್ಟು ಒಂದೇ ಹಾಳೆಯದು. ಬಣ್ಣ, ಪಿ.ಎಚ್., ಸಾಂದ್ರತೆ, ಆಲ್ಬುಮಿನ್, ಸಕ್ಕರೆ, ಪಸ್ ಸೆಲ್ಸ್, ಎಪಿಥೀಲಿಯಲ್ ಸೆಲ್ಸ್, ಆರ್‌ಬಿಸಿ, ಕ್ರಿಸ್ಟಲ್ಸ್ ಎಂದು ಸಾಲಾಗಿ ಅಚ್ಚಾಗಿರುತ್ತದೆ. ಉಬ್ರಾಣಿ ಹೋಬಳಿಯ ಊರುಗಳಿಂದ ಚನ್ನಗಿರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದವರು ಮನೆಯಲ್ಲಿ ಆ ಹಾಳೆ ಬಿಚ್ಚಿದರೆ ಎಲ್ಲರ ಕಣ್ಣು ಮೊದಲು ಬೀಳುವುದು ‘ಪಸ್ ಸೆಲ್ಸ್ 4–6’ ಎಂಬ ಕಡೆ. ‘ಕೀವಾಗಿದೆಯಂತೆ’ ಎಂದು ಗಾಬರಿ ಹುಟ್ಟುತ್ತದೆ. ಅದೇ ಹಾಳೆಯಲ್ಲಿ, ಎರಡು ಸಾಲು ಮೇಲೆ, ‘ಆಲ್ಬುಮಿನ್ 1+’ ಎಂದು ಇದ್ದರೆ ಅದೇನೆಂದು ಯಾರೂ ಕೇಳುವುದಿಲ್ಲ. ಅದರಿಂದ ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ಹಾಗಾಗಿ ಹಾಳೆ ಮಡಚಿಕೊಂಡು ಬೀರುವಿನೊಳಗೆ ಸೇರುತ್ತದೆ. ಮೂತ್ರಪಿಂಡ ಹಾಳಾಗುತ್ತಿರುವ ಸುದ್ದಿಯನ್ನು ಎಲ್ಲಕ್ಕಿಂತ ಮೊದಲು ಹೇಳುವ ಸಾಲು ಅನೇಕರ ಪಾಲಿಗೆ ಅದೇ ಆಗಿರುತ್ತದೆ.

ಒಂದೊಂದು ಮೂತ್ರಪಿಂಡದಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಉಂಡೆಗಟ್ಟಿಕೊಂಡಿವೆ. ಎರಡೂ ಮೂತ್ರಪಿಂಡ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಈ ಉಂಡೆಗಳ ಮೂಲಕ ಸೋಸುತ್ತವೆ. ಅದರಲ್ಲಿ ಹೆಚ್ಚಿನದನ್ನೆಲ್ಲ ದೇಹ ವಾಪಸು ಹೀರಿಕೊಂಡು ಒಂದೂವರೆ ಲೀಟರಿನಷ್ಟನ್ನು ಮಾತ್ರ ಮೂತ್ರವಾಗಿ ಹೊರಗೆ ಬಿಡುತ್ತದೆ. ಉಪ್ಪು, ಸಕ್ಕರೆ, ಯೂರಿಯಾದಂಥ ಸಣ್ಣ ಕಣಗಳು ಆ ನಾಳಗಳ ಗೋಡೆ ದಾಟುತ್ತವೆ. ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ ದೊಡ್ಡದು, ಅದರ ಮೇಲೆ ಋಣ ವಿದ್ಯುದಾವೇಶವೂ ಇದೆ. ಆರೋಗ್ಯವಂತ ಗೋಡೆ ಅದನ್ನು ತಡೆದು ನಿಲ್ಲಿಸುತ್ತದೆ. ದಿನಕ್ಕೆ 30 ಮಿಲಿಗ್ರಾಂ ಒಳಗೆ ಸೋರಿದರೆ ಸರಿ. ಅದಕ್ಕಿಂತ ಹೆಚ್ಚು ಬರುತ್ತಲೇ ಇದ್ದರೆ ಗೋಡೆಯಲ್ಲಿ ಏನೋ ಕೆಟ್ಟಿದೆ ಎಂದರ್ಥ. ಇಂದು ಇದಕ್ಕೆ ಅತಿ ಸಾಮಾನ್ಯ ಕಾರಣಗಳೆಂದರೆ ಸಕ್ಕರೆ ಕಾಯಿಲೆ ಮತ್ತು ಬಿ.ಪಿ.

ಈ ಸೋರಿಕೆಗೂ ಕಿಡ್ನಿ ರೋಗಕ್ಕೂ ನಂಟು ಹಚ್ಚಿದವರು ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್. 1827ರಲ್ಲಿ ಅವರು ಅದನ್ನು ಪ್ರಕಟಿಸಿದರು. ಮೈ ಊದಿಕೊಂಡು ಬಂದ ರೋಗಿಗಳ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದರೆ ಅದು ಬೆಳ್ಳಗೆ ಗರಣೆಗಟ್ಟುತ್ತಿತ್ತು. ಸತ್ತವರ ದೇಹ ತೆರೆದು ನೋಡಿದಾಗ ಅವರ ಮೂತ್ರಪಿಂಡಗಳು ಕೆಟ್ಟಿದ್ದವು. ನಮ್ಮ ಆಸ್ಪತ್ರೆಗಳಲ್ಲೂ ಬಹುಕಾಲ ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಕೆ ಹಿಡಿದು ಇದೇ ಪರೀಕ್ಷೆ ಮಾಡುತ್ತಿದ್ದರು. ಈಗ ಬಣ್ಣದ ಚೌಕಗಳಿರುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ತೆಗೆಯುತ್ತಾರೆ. ಹೆಲೆನ್ ಫ್ರೀ ಮತ್ತು ಆಲ್ಫ್ರೆಡ್ ಫ್ರೀ ದಂಪತಿ ಅಮೆರಿಕದಲ್ಲಿ ರೂಪಿಸಿದ, ಮೂತ್ರದ ಸಕ್ಕರೆ ಕಂಡುಹಿಡಿಯುವ ಪಟ್ಟಿ 1956ರಲ್ಲಿ ಮಾರುಕಟ್ಟೆಗೆ ಬಂತು. ಪ್ರೋಟೀನಿನ ಚೌಕ ಸೇರಿದ್ದು ಆಮೇಲೆ. ಅದರ ಹಳದಿ ಬಣ್ಣ ಆಲ್ಬುಮಿನ್ ತಾಗಿದಷ್ಟೂ ಹಸಿರಿಗೆ ತಿರುಗುತ್ತದೆ. ಆ ಹಸಿರು ಎಷ್ಟು ಗಾಢ ಎಂಬುದೇ ರಿಪೋರ್ಟಿನಲ್ಲಿ ಟ್ರೇಸ್, 1+, 2+, 3+ ಎಂದು ಬರುತ್ತದೆ.

ಈ ಪಟ್ಟಿಗೆ ಒಂದು ದೌರ್ಬಲ್ಯವಿದೆ. ಒಂದು ತೊಟ್ಟು ಮೂತ್ರದಲ್ಲಿ ಆಲ್ಬುಮಿನ್ ಎಷ್ಟು ಗಟ್ಟಿಯಾಗಿದೆ ಎಂದಷ್ಟೇ ಅದಕ್ಕೆ ಗೊತ್ತು, ದಿನವಿಡೀ ಎಷ್ಟು ಸೋರಿತು ಎಂದು ಗೊತ್ತಿಲ್ಲ. ನಮ್ಮ ಕಡೆ ಇದು ಬಹಳ ಮುಖ್ಯ. ಅಡಿಕೆ ಸುಗ್ಗಿಯಲ್ಲಿ ಬೆಳಿಗ್ಗೆಯಿಂದ ಗೊನೆ ಇಳಿಸುವವರು, ಹಂಡೆಯ ಮುಂದೆ ಬೆಂಕಿಗೆ ಮುಖಕೊಟ್ಟು ಅಡಿಕೆ ಬೇಯಿಸುವವರು ಬೆವರು ಸುರಿಸಿದಷ್ಟು ನೀರು ಕುಡಿಯುವುದಿಲ್ಲ. ಸುಲಿಯಲು ಕೂತ ಹೆಣ್ಣುಮಕ್ಕಳು ಒಂದಕ್ಕೆ ಹೋಗಲು ಮರೆಯಿಲ್ಲದ ಕಡೆ ಬೇಕೆಂದೇ ನೀರು ಬಿಡುತ್ತಾರೆ. ಇದಕ್ಕೆ ಆ ಹೆಣ್ಣುಮಕ್ಕಳನ್ನು ದೂರುವಂತಿಲ್ಲ. ಕೆಲಸದ ಜಾಗದಲ್ಲಿ ಒಂದು ಶೌಚಾಲಯ ಕಟ್ಟಿಸುವುದು ಕಣದ ಯಜಮಾನರ ಹೊಣೆ. ಹೀಗೆ ದಿನವಿಡೀ ದುಡಿದವರು ಸಂಜೆ ಕೊಟ್ಟ ಮೂತ್ರ ಗಟ್ಟಿಯಾಗಿರುತ್ತದೆ. ಸಾಂದ್ರತೆಯ ಸಾಲಿನಲ್ಲಿ 1.030 ಎಂದಿದ್ದು, ಆಲ್ಬುಮಿನ್ ಟ್ರೇಸ್ ಎಂದಿದ್ದರೆ ಅದಕ್ಕೆ ಅಷ್ಟು ಬೆಲೆಯಿಲ್ಲ. ಸಾಂದ್ರತೆ 1.005ರಷ್ಟು ತೆಳುವಾಗಿದ್ದೂ ಟ್ರೇಸ್ ಬಂದಿದ್ದರೆ ಅದೇ ಟ್ರೇಸನ್ನು ಕಡೆಗಣಿಸುವಂತಿಲ್ಲ. ಜ್ವರ, ಮೈಮುರಿಯುವ ದುಡಿಮೆ, ಮೂತ್ರದ ಸೋಂಕು ಇವೆಲ್ಲ ಕೆಲವು ದಿನದ ಮಟ್ಟಿಗೆ ಆಲ್ಬುಮಿನ್ ತೋರಿಸಿ ಮಾಯವಾಗುತ್ತವೆ. ಎತ್ತರಕ್ಕೆ ಬೆಳೆಯುತ್ತಿರುವ ಕೆಲವು ಹುಡುಗರಲ್ಲಿ ಹಗಲು ನಿಂತು ಓಡಾಡುವಾಗ ಮಾತ್ರ ಸೋರಿ, ಬೆಳಗಿನ ಮೊದಲ ಮೂತ್ರದಲ್ಲಿ ಏನೂ ಇರುವುದಿಲ್ಲ. ಅದು ರೋಗವಲ್ಲ.

ಆದ್ದರಿಂದ ಒಂದು ಸಲ ಆಲ್ಬುಮಿನ್ ಬಂತೆಂದರೆ ಮಾಡಬೇಕಾದ ಕೆಲಸ ಎರಡನೇ ಪರೀಕ್ಷೆ. ಜ್ವರ ಬಿಟ್ಟ ಮೇಲೆ, ವಿಶ್ರಾಂತಿ ಸಿಕ್ಕ ಮೇಲೆ, ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಕೊಡಬೇಕು. ಈ ಸಲ ಲ್ಯಾಬಿನಲ್ಲಿ ‘ಎ.ಸಿ.ಆರ್.’ ಎಂದು ಹೇಳಿ ಮಾಡಿಸಬೇಕು. ಆಲ್ಬುಮಿನ್ನನ್ನು ಮೂತ್ರದಲ್ಲಿರುವ ಕ್ರಿಯಾಟಿನಿನ್ ಜೊತೆ ಹೋಲಿಸಿ ಹೇಳುವ ಲೆಕ್ಕ ಇದು. ಮೂತ್ರ ಗಟ್ಟಿಯಾದರೆ ಎರಡೂ ಒಟ್ಟಿಗೆ ಗಟ್ಟಿಯಾಗುತ್ತವೆ, ತೆಳುವಾದರೆ ಒಟ್ಟಿಗೆ ತೆಳುವಾಗುತ್ತವೆ. ಹಾಗಾಗಿ ನೀರು ಕುಡಿದದ್ದು, ಕುಡಿಯದಿದ್ದದ್ದು ಲೆಕ್ಕ ಕೆಡಿಸುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿದ್ದರೆ ಸರಿ. 30ರಿಂದ 300 ಎಂದರೆ ಸೋರಿಕೆ ಶುರುವಾಗಿದೆ. 300 ದಾಟಿದರೆ ಕಿಡ್ನಿ ತಜ್ಞರನ್ನು ಕಾಣಬೇಕು. ಮೂರು ತಿಂಗಳಾದರೂ ಇಳಿಯದೆ ಉಳಿದರೆ ಅದನ್ನು ದೀರ್ಘಕಾಲದ ಮೂತ್ರಪಿಂಡ ರೋಗ ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ನಡುವಯಸ್ಸಿನ ನಂತರ ಬರುವ ಸಕ್ಕರೆ ಕಾಯಿಲೆಯವರು ಕಾಯಿಲೆ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಬೇಕು. ಪಟ್ಟಿಯಲ್ಲಿ ‘ನಿಲ್’ ಬಂದರೂ ಇದನ್ನು ಬಿಡುವಂತಿಲ್ಲ, ಏಕೆಂದರೆ ಆರಂಭದ ಸಣ್ಣ ಸೋರಿಕೆ ಪಟ್ಟಿಯ ಕಣ್ಣಿಗೆ ಬೀಳುವುದೇ ಇಲ್ಲ.

‘ಕ್ರಿಯಾಟಿನಿನ್ ನಾರ್ಮಲ್ ಇದೆ, ಕಿಡ್ನಿ ಚೆನ್ನಾಗಿದೆ’ ಎಂಬ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ. ರಕ್ತದ ಕ್ರಿಯಾಟಿನಿನ್ ಸ್ನಾಯುಗಳಿಂದ ಬರುವ ತ್ಯಾಜ್ಯ. ಮೂತ್ರಪಿಂಡದ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವ ತನಕ ಅದು ಕೆಲವರಲ್ಲಿ ಮಿತಿಯೊಳಗೇ ಇರಬಹುದು. ಮೈಕಟ್ಟು ಸೊರಗಿದ ವಯಸ್ಸಾದವರಲ್ಲಿ ಅದು ಇನ್ನೂ ಹೆಚ್ಚು ಮೋಸ ಮಾಡುತ್ತದೆ. 25 ವರ್ಷದ ಯುವಕನಿಗೂ 70 ವರ್ಷದ ಅಜ್ಜಿಗೂ ಕ್ರಿಯಾಟಿನಿನ್ 1.2 ಎಂದೇ ಬಂದಿದೆ ಎಂದುಕೊಳ್ಳಿ. ಇಂದು ಬಳಕೆಯಲ್ಲಿರುವ ಸೂತ್ರದ ಪ್ರಕಾರ ಯುವಕನ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 86 ಮಿಲಿಲೀಟರ್ ಸೋಸುತ್ತಿವೆ. ಅಜ್ಜಿಯವು ಸುಮಾರು 49. 60ಕ್ಕಿಂತ ಕೆಳಗೆ ಮೂರು ತಿಂಗಳು ಇದ್ದರೆ ಅದೂ ಕಿಡ್ನಿ ರೋಗವೇ. ಈ ಸಂಖ್ಯೆಯನ್ನು ಇ.ಜಿ.ಎಫ್.ಆರ್. ಎನ್ನುತ್ತಾರೆ. ರಿಪೋರ್ಟಿನಲ್ಲಿ ಅದನ್ನು ಬರೆದಿರದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಇನ್ನು ಪಸ್ ಸೆಲ್ಸ್ ವಿಷಯ. ಅವು ರಕ್ತದ ಬಿಳಿಕಣಗಳು. ಸೂಕ್ಷ್ಮದರ್ಶಕದ ಒಂದು ನೋಟದಲ್ಲಿ ಐದರವರೆಗೆ ಕಂಡರೆ ಚಿಂತೆಯಿಲ್ಲ. ಎಪಿಥೀಲಿಯಲ್ ಸೆಲ್ಸ್ ತುಂಬಾ ಇದೆ ಎಂದು ಬರೆದಿದ್ದರೆ ಮೂತ್ರದ ಜೊತೆ ಹೊರಗಿನ ಚರ್ಮದ ಕಣಗಳು ಸೇರಿವೆ, ಮಾದರಿ ಸರಿಯಾಗಿ ಹಿಡಿದಿಲ್ಲ ಎಂದು ತಿಳಿಯಬೇಕು. ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಡಬ್ಬಿಗೆ ಹಿಡಿಯಬೇಕು. ಊರಿನಿಂದ ಬಾಟಲಿಯಲ್ಲಿ ತುಂಬಿ, ಬಸ್ಸಿನ ಬಿಸಿಯಲ್ಲಿ ಎರಡು ಮೂರು ಗಂಟೆ ಒಯ್ದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಲೆಕ್ಕವೆಲ್ಲ ತಪ್ಪುತ್ತದೆ. ಉರಿ, ಪದೇಪದೇ ಹೋಗಬೇಕೆನಿಸುವುದು, ಚಳಿಜ್ವರ, ಪಕ್ಕೆನೋವು ಇವು ಇದ್ದರೆ ಸೋಂಕಿಗೆ ಚಿಕಿತ್ಸೆ ಬೇಕೇ ಬೇಕು. ಏನೂ ತೊಂದರೆ ಇಲ್ಲದ ವಯಸ್ಸಾದವರಿಗೆ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಆ್ಯಂಟಿಬಯಾಟಿಕ್ ನುಂಗಿಸುವುದರಿಂದ ಲಾಭವಿಲ್ಲ. ಗರ್ಭಿಣಿಯರ ಮಾತು ಬೇರೆ, ಅವರಿಗೆ ತೊಂದರೆ ಇರದಿದ್ದರೂ ಚಿಕಿತ್ಸೆ ಕೊಡುತ್ತಾರೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಒಂದಿಷ್ಟು ಕಂಡರೆ ಕಲ್ಲಾಗಿದೆ ಎಂದೇನೂ ಅಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುವವರ ಮೂತ್ರದಲ್ಲಿ ಸಕ್ಕರೆ ‘3+’ ಬರುವುದು ಆ ಮಾತ್ರೆಯ ಕೆಲಸವೇ. ಅದನ್ನು ಕಂಡು ಹೆದರಿ ಮಾತ್ರೆ ಬಿಡಬಾರದು.

ಮೂತ್ರದಲ್ಲಿ ರಕ್ತ ಹೋಗುವ ವಿಷಯ ಹಾಗಲ್ಲ. ಮಗುವಿಗೆ ಗಂಟಲು ನೋವೋ ಚರ್ಮದ ಕಜ್ಜಿಯೋ ಬಂದು ಹೋದ ಕೆಲವು ವಾರಗಳೊಳಗೆ ಮುಖ ಊದಿ, ಮೂತ್ರ ಕಡಿಮೆಯಾಗಿ, ಅಡಿಕೆ ಬೇಯಿಸಿದ ಚೊಗರಿನ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಅದು ಮೂತ್ರಪಿಂಡದ ಉರಿಯೂತ. ಹೆಚ್ಚಿನ ಮಕ್ಕಳು ಅದರಿಂದ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ನಲವತ್ತು ದಾಟಿದವರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದುವವರಿಗೆ, ನೋವಿಲ್ಲದೆ ಕೆಂಪು ಮೂತ್ರ ಒಂದೇ ಸಲ ಹೋಗಿ ನಿಂತರೂ ಮೂತ್ರಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ‘ಉಷ್ಣ ಆಗಿತ್ತು, ಎಳನೀರು ಕುಡಿದೆ, ಸರಿಹೋಯ್ತು’ ಎಂದು ಬಿಟ್ಟವರು ಆಮೇಲೆ ಪಟ್ಟ ಪಾಡು ದೊಡ್ಡದು. ತೋಟದಲ್ಲಿ ಕೊಳಕುಮಂಡಲ ಕಚ್ಚಿದವರಲ್ಲಿ, ಗದ್ದೆಯ ನೀರಿನಿಂದ ಇಲಿ ಜ್ವರ ತಗುಲಿದವರಲ್ಲಿ ಮೂತ್ರಪಿಂಡ ಕೆಲವೇ ದಿನದಲ್ಲಿ ಕೈಕೊಡಬಹುದು. ಇಂಥವರಿಗೆ ಎಷ್ಟು ಮೂತ್ರ ಹೋಗುತ್ತಿದೆ, ಯಾವ ಬಣ್ಣ ಎಂಬುದನ್ನು ಹತ್ತಿರವಿದ್ದವರು ನೋಡಿ ವೈದ್ಯರಿಗೆ ಹೇಳಬೇಕು. ಪಟ್ಟಿಯಲ್ಲಿ ರಕ್ತ ಎಂದು ಬಂದು, ಸೂಕ್ಷ್ಮದರ್ಶಕದಲ್ಲಿ ಒಂದೂ ಕೆಂಪುಕಣ ಕಾಣದಿದ್ದರೆ ಸ್ನಾಯು ಕರಗಿ ಬಂದ ಮಯೋಗ್ಲೋಬಿನ್ ಇರಬಹುದು. ಬಿಸಿಲಿನಲ್ಲಿ ಮಿತಿಮೀರಿ ದುಡಿದವರಲ್ಲಿ, ಹಾವು ಕಚ್ಚಿದವರಲ್ಲಿ ಇದನ್ನು ಮರೆಯಬಾರದು.

ಇನ್ನು ನೀರಿನ ವಿಷಯ. ನಮ್ಮ ದಾವಣಗೆರೆ ಜಿಲ್ಲೆಯದೇ ಆದ ಜಗಳೂರಿನ ಕಥೆ ಉಬ್ರಾಣಿಗಿಂತ ಬೇರೆ. ಉಬ್ರಾಣಿ ಕಡೆಯ ಕೆರೆಗಳಿಗೆ ಉಬ್ರಾಣಿ–ಅಮೃತಾಪುರ ಏತ ನೀರಾವರಿಯಿಂದ ಭದ್ರೆಯ ನೀರು ಬರುತ್ತದೆ. ಜಗಳೂರಿನ ಜನ ಆಳದ ಕೊಳವೆಬಾವಿಯ ಫ್ಲೋರೈಡ್ ನೀರನ್ನು ವರ್ಷಾನುಗಟ್ಟಲೆ ಕುಡಿದವರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಾನದಂಡ. ಮೈಗೆ ಹೋದ ಫ್ಲೋರೈಡನ್ನು ಹೊರಹಾಕುವ ಮುಖ್ಯ ದಾರಿ ಮೂತ್ರ. ಮೂತ್ರಪಿಂಡ ಸೋತವರಲ್ಲಿ ಅದು ಹೊರಗೆ ಹೋಗದೆ ಮೂಳೆಗೆ ಸೇರುತ್ತದೆ. ಮಂಡಿನೋವು, ಸೊಂಟನೋವು ಹೆಚ್ಚುತ್ತದೆ. ನೋವಿಗೆಂದು ಅಂಗಡಿಯಲ್ಲಿ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮಾತ್ರೆ ತಂದು ದಿನಾ ನುಂಗಿದರೆ ಆ ಮಾತ್ರೆ ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೇ ತಗ್ಗಿಸುತ್ತದೆ. ನೋವು ಮಾತ್ರೆ ನುಂಗಿಸಿ, ಮಾತ್ರೆ ಕಿಡ್ನಿಯನ್ನು, ಕಿಡ್ನಿ ಮತ್ತೆ ಮೂಳೆಯನ್ನು ಕೆಡಿಸುವ ಈ ಸುತ್ತು ಬಹಳ ಕ್ರೂರವಾದುದು. ಅಂಥ ಮನೆಗಳಿಗೆ ಶುದ್ಧ ನೀರು ಮುಟ್ಟಿಸುವುದನ್ನು ನಾನು ಕಿಡ್ನಿ ಚಿಕಿತ್ಸೆಯ ಲೆಕ್ಕಕ್ಕೇ ಸೇರಿಸುತ್ತೇನೆ.

ನಮ್ಮ ಊರುಗಳಲ್ಲಿ ಆಲ್ಬುಮಿನ್ ಸಾಲನ್ನು ತಪ್ಪದೆ ಓದುವವರು ಎಂದರೆ ಬಸುರಿಯರನ್ನು ನೋಡಿಕೊಳ್ಳುವ ನರ್ಸಮ್ಮಂದಿರು. ಪ್ರತಿ ತಪಾಸಣೆಯಲ್ಲೂ ಬಿ.ಪಿ. ನೋಡಿ, ಮೂತ್ರದ ಆಲ್ಬುಮಿನ್ ನೋಡಿ ಬರೆದಿಡುತ್ತಾರೆ. ಇಪ್ಪತ್ತು ವಾರದ ನಂತರ ಬಿ.ಪಿ. ಏರಿ ಆಲ್ಬುಮಿನ್ ಕಾಣಿಸಿಕೊಂಡರೆ ನಂಜು ಏರುತ್ತಿದೆ, ಫಿಟ್ಸ್ ಬರಬಹುದು ಎಂದು ಅವರಿಗೆ ಗೊತ್ತು. ಹೀಗೆ ನಂಜಾದ ತಾಯಂದಿರಿಗೆ ಮುಂದೆ ಬಿ.ಪಿ., ಕಿಡ್ನಿ ತೊಂದರೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೆರಿಗೆಯಾಗಿ ಮೂರು ತಿಂಗಳಿಗೆ ಅವರ ಮೂತ್ರವನ್ನು ಮತ್ತೊಮ್ಮೆ ನೋಡಬೇಕು. ಮಗುವಿನ ಆರೈಕೆಯಲ್ಲಿ ಅದು ಮರೆತೇ ಹೋಗುತ್ತದೆ.

ಸೋರಿಕೆ ಬೇಗ ಗೊತ್ತಾದರೆ ತಡೆಯುವ ದಾರಿ ಇವತ್ತು ಇದೆ. ರಾಮಿಪ್ರಿಲ್, ಲೊಸಾರ್ಟನ್, ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳು ಆ ಸಣ್ಣ ನಾಳಗಳ ಒಳಗಿನ ಒತ್ತಡ ಇಳಿಸಿ ಆಲ್ಬುಮಿನ್ ಸೋರುವುದನ್ನೇ ತಗ್ಗಿಸುತ್ತವೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಡಾಪಾಗ್ಲಿಫ್ಲೋಜಿನ್ ಕಿಡ್ನಿಯನ್ನು ಕಾಯುತ್ತದೆ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಅದೇ ವರ್ಷ ಭಾರತದಲ್ಲಿ ಅದರ ಪೇಟೆಂಟ್ ಮುಗಿದು ಬೆಲೆ ಇಳಿಯಿತು. ವಾಂತಿ ಭೇದಿಯಾದ ದಿನ ಇಂಥ ಮಾತ್ರೆಗಳನ್ನು ಮುಂದುವರಿಸಬೇಕೋ ಬಿಡಬೇಕೋ ಎಂದು ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಂಡಿರಬೇಕು. ಉಪ್ಪು ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ. ಊಟದ ಎಲೆಯ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಖಾರ ಮಂಡಕ್ಕಿ, ಮಿರ್ಚಿ ಎಲ್ಲ ಆ ಲೆಕ್ಕದೊಳಗೇ ಬರಬೇಕು. ‘ನೀರು ಚೆನ್ನಾಗಿ ಕುಡಿದರೆ ಕಿಡ್ನಿ ಸರಿಹೋಗುತ್ತದೆ’ ಎನ್ನುವುದು ಕಲ್ಲಾಗುವವರಿಗೆ ಒಳ್ಳೆಯ ಮಾತು. ಕಾಲು ಊದಿಕೊಂಡವರಿಗೆ, ಮೂತ್ರ ಕಡಿಮೆಯಾದವರಿಗೆ ಅದು ಅಪಾಯ. ಬಾಳೆದಿಂಡಿನ ರಸಕ್ಕೂ ಆಲ್ಬುಮಿನ್ ಸೋರಿಕೆಗೂ ಸಂಬಂಧವಿಲ್ಲ.

ತಡವಾದರೆ ಉಳಿಯುವುದು ಡಯಾಲಿಸಿಸ್. ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿಸಲ ನಾಲ್ಕು ಗಂಟೆ. ಸರ್ಕಾರ ಅದನ್ನು ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಿದೆ. ಆದರೂ ಕೂಲಿ ತಪ್ಪಿ, ಜೊತೆಗೆ ಬಂದವರ ಕೂಲಿಯೂ ತಪ್ಪಿ ಮನೆ ಕುಸಿಯುತ್ತದೆ. ದಾವಣಗೆರೆ, ಶಿವಮೊಗ್ಗದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗಾಗಲಿ, ಬೆಂಗಳೂರಿನ ವಿಕ್ಟೋರಿಯಾ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆಗಾಗಲಿ ಹೋಗುವಾಗ ಹಳೆಯ ರಿಪೋರ್ಟುಗಳನ್ನು ಒಂದೂ ಎಸೆಯದೆ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಎರಡು ವರ್ಷದ ಹಿಂದೆ ಆಲ್ಬುಮಿನ್ ಟ್ರೇಸ್ ಇತ್ತೇ, ನಿಲ್ ಇತ್ತೇ ಎಂಬುದನ್ನು ನೋಡಿಯೇ ರೋಗ ಹೊಸದೋ ಹಳೆಯದೋ, ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ವೈದ್ಯರು ಅಳೆಯುವುದು.