ಮೋಷನ್ ಸರಿಯಾಗಿ ಆಗ್ತಿದ್ಯಾ?

ಟೆಕ್ನಿಕಲ್ ಅಲ್ಲದ ಯಾವ ವಿಷಯ ಆದ್ರೂ ಪರವಾಗಿಲ್ಲ ಅಂತ ಕನ್ನಡ ಸಂಘದವರು ಹೇಳಿದ್ದಕ್ಕೆ ಇದನ್ನ ಆರಿಸಿಕೊಂಡಿದ್ದೀನಿ. ನಗು ಬಂದ್ರೆ ನಗಿ, ಆದ್ರೆ ಪೂರ್ತಿ ಓದಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ.

ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ಒಂದು ದಿನ ಬೆಳಗ್ಗೆ ಟಾಯ್ಲೆಟ್‌ನಲ್ಲಿ ರಕ್ತ ನೋಡಿದೆ. ಕೈಕಾಲು ತಣ್ಣಗಾಯ್ತು. ಎಲ್ಲರೂ ಮಾಡೋ ತಪ್ಪನ್ನೇ ನಾನೂ ಮಾಡಿದೆ: ಗೂಗಲ್ ಮಾಡಿದೆ. ಐದೇ ನಿಮಿಷದಲ್ಲಿ ನನಗೆ ಕ್ಯಾನ್ಸರ್ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ರೂಮ್‌ಮೇಟ್‌ಗೆ ಹೇಳೋಕೆ ನಾಚಿಕೆ, ಅಮ್ಮನಿಗೆ ಹೇಳೋಕೆ ಭಯ. ಹೀಗೇ ಮೂರು ವಾರ ತಳ್ಳಿದೆ. ಕೊನೆಗೆ ಡಾಕ್ಟರ್ ಹತ್ತಿರ ಹೋದಾಗ ಅವರು ನೋಡಿ, "ಫಿಶರ್ ಅಷ್ಟೇ. ಮೋಷನ್ ಗಟ್ಟಿಯಾಗಿ ಹೋಗಿ ಚರ್ಮ ಸೀಳಿದೆ. ಹಾಸ್ಟೆಲಲ್ಲಿ ಇದ್ದೀಯಾ?" ಅಂತ ಕೇಳಿದ್ರು. ಆ ಕೊನೇ ಪ್ರಶ್ನೆ ಯಾಕೆ ಕೇಳಿದ್ರು ಅಂತ ಆಮೇಲೆ ಅರ್ಥ ಆಯ್ತು.

ಜೀರ್ಣಕ್ರಿಯೆ ಅಂದ್ರೆ ನಮ್ಮ ತಲೆಗೆ ಬರೋದು ಜಠರ ಮತ್ತು ಆಸಿಡ್. ಆದ್ರೆ ಊಟ ಜಠರದಲ್ಲಿ ಇರೋದು ಕೆಲವೇ ಗಂಟೆ. ಅಲ್ಲಿಂದ ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳು, ಆಮೇಲೆ ಸುಮಾರು ಒಂದೂವರೆ ಮೀಟರ್‌ನ ದೊಡ್ಡ ಕರುಳು. ಉದ್ದ ಕಮ್ಮಿ ಇದ್ರೂ ಅತಿ ಹೆಚ್ಚು ಹೊತ್ತು ಕಳೆಯೋದು ಈ ದೊಡ್ಡ ಕರುಳಲ್ಲೇ, ಎಷ್ಟೋ ಸಲ ಒಂದು ದಿನಕ್ಕೂ ಜಾಸ್ತಿ. ಅದರ ಮುಖ್ಯ ಕೆಲಸ ನೀರನ್ನ ವಾಪಸ್ ಹೀರಿಕೊಳ್ಳೋದು. ಅಂದ್ರೆ ನಾವು ತಡ ಮಾಡಿದಷ್ಟೂ ಒಳಗೆ ಇರೋದು ಒಣಗಿ ಗಟ್ಟಿ ಆಗ್ತಾ ಹೋಗತ್ತೆ. ಮಲಬದ್ಧತೆ ಅಂದ್ರೆ ಪೈಪ್ ಬ್ಲಾಕ್ ಆದ ಹಾಗೆ ಅಂತ ನಾನು ಅಂದ್ಕೊಂಡಿದ್ದೆ. ಹೆಚ್ಚಾಗಿ ಅದು ಒಣಗುವ ಸಮಸ್ಯೆ.

ಇನ್ನೊಂದು ಸ್ವಾರಸ್ಯದ ವಿಷಯ ಇದೆ. ಖಾಲಿ ಜಠರಕ್ಕೆ ತಿಂಡಿ ಬಿದ್ದ ತಕ್ಷಣ ದೊಡ್ಡ ಕರುಳಿಗೆ "ಜಾಗ ಮಾಡು" ಅಂತ ಸಿಗ್ನಲ್ ಹೋಗತ್ತೆ. ಇದಕ್ಕೆ ಗ್ಯಾಸ್ಟ್ರೋಕೋಲಿಕ್ ರಿಫ್ಲೆಕ್ಸ್ ಅಂತ ಹೆಸರು. ಬೆಳಗ್ಗೆ ಹೊತ್ತು ಇದು ಜೋರಾಗಿರತ್ತೆ. ಈಗ ನಮ್ಮ ಬೆಳಗ್ಗೆ ನೋಡಿ. 8 ಗಂಟೆಗೆ ಕ್ಲಾಸ್, 7:40ಕ್ಕೆ ಏಳೋದು, ತಿಂಡಿ ಇಲ್ಲ. ಅಕಸ್ಮಾತ್ ಅರ್ಜೆಂಟ್ ಆದ್ರೆ ಟಾಯ್ಲೆಟ್ ಮುಂದೆ ಐದು ಜನ ಬಕೆಟ್ ಹಿಡ್ಕೊಂಡು ನಿಂತಿರ್ತಾರೆ. ಸರಿ, ಆಮೇಲೆ ನೋಡೋಣ ಅಂತ ತಡ್ಕೋತೀವಿ. ಸ್ವಲ್ಪ ಹೊತ್ತಿಗೆ ಆ ಒತ್ತಡ ಹೋಗಿಬಿಡತ್ತೆ, ಮೋಷನ್ ಮಾತ್ರ ಅಲ್ಲೇ ಇರತ್ತೆ. ದಿನಾ ಹೀಗೇ ಮಾಡಿದ್ರೆ ಸಿಗ್ನಲ್ಲೇ ಮಂಕಾಗತ್ತೆ. ನಾನು ಎರಡು ಸೆಮಿಸ್ಟರ್ ಇದನ್ನೇ ಮಾಡಿದ್ದೆ.

ಡಾಕ್ಟರ್ ಒಂದು ಮುಲಾಮು ಬರೆದುಕೊಟ್ಟು, ಬಿಸಿನೀರಿನ ಟಬ್‌ನಲ್ಲಿ ಕೂರೋಕೆ ಹೇಳಿದ್ರು. ಉಳಿದಿದ್ದೆಲ್ಲ ಊಟ, ಟೈಮ್ ಬಗ್ಗೆನೇ.

ಮೊದಲು ನಾರಿನಂಶ. ದಿನಕ್ಕೆ 25ರಿಂದ 30 ಗ್ರಾಂ ಬೇಕು ಅಂತಾರೆ. ನಾರು ನೀರನ್ನ ಹಿಡಿದಿಟ್ಟುಕೊಳ್ಳತ್ತೆ, ಹಾಗಾಗಿ ಮೋಷನ್ ಮೆತ್ತಗಿರತ್ತೆ. 100 ಗ್ರಾಂ ರಾಗಿ ಹಿಟ್ಟಲ್ಲಿ ಸುಮಾರು 11 ಗ್ರಾಂ ನಾರಿದೆ, ಅಷ್ಟೇ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ನಮ್ಮ ಊರು ಹಾಸನದ ಕಡೆ. ಮನೇಲಿ ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ತಿಂದು ಬೆಳೆದವನು ಇಲ್ಲಿಗೆ ಬಂದು ಚಿತ್ರಾನ್ನ, ರೈಸ್‌ಬಾತ್, ರಾತ್ರಿ ಗೋಬಿ ಮಂಚೂರಿ ಅಂತ ಬದುಕಿದರೆ ಕರುಳಿಗೆ ಏನು ಸಿಗತ್ತೆ? (ಗೋಬಿಯಲ್ಲಿ ತರಕಾರಿ ಇದೆ ಅಂತ ವಾದ ಮಾಡೋ ಫ್ರೆಂಡ್ ನನಗೂ ಇದ್ದಾನೆ. ಮೈದಾ, ಎಣ್ಣೆ ತೆಗೆದು ಎಷ್ಟು ಉಳಿಯತ್ತೆ ನೋಡಪ್ಪ.) ಮೆಸ್ ಊಟ ಬದಲಾಯಿಸೋದು ನಮ್ಮ ಕೈಲಿಲ್ಲ. ಆದ್ರೆ ಮುದ್ದೆ ದಿನ ಮುದ್ದೆ ತಗೊಳ್ಳಬಹುದು, ಪಲ್ಯ ಎರಡನೇ ಸಲ ಹಾಕಿಸ್ಕೋಬಹುದು, ಗೇಟ್ ಹತ್ತಿರ ಸೀಬೆಹಣ್ಣು ಕೊಳ್ಳಬಹುದು.

ಒಂದು ಎಚ್ಚರಿಕೆ. ನಾನು ಉತ್ಸಾಹದಲ್ಲಿ ಒಂದೇ ದಿನ ಎರಡು ಮುದ್ದೆ, ಒಂದು ಬೌಲ್ ಮೊಳಕೆಕಾಳು ತಿಂದೆ. ಮಧ್ಯಾಹ್ನ ಲ್ಯಾಬಲ್ಲಿ ಹೊಟ್ಟೆ ಬಲೂನ್. ಕರುಳಿನ ಬ್ಯಾಕ್ಟೀರಿಯಾ ನಾರನ್ನ ಹುಳಿ ಬರಿಸಿದಾಗ ಗ್ಯಾಸ್ ಆಗತ್ತೆ, ಅದಕ್ಕೆ ಒಗ್ಗಿಕೊಳ್ಳೋಕೆ ಸ್ವಲ್ಪ ದಿನ ಬೇಕು. ನಿಧಾನವಾಗಿ ಜಾಸ್ತಿ ಮಾಡಿ, ಜೊತೆಗೆ ನೀರು ಕುಡೀರಿ. ನೀರಿಲ್ಲದೆ ಬರೀ ನಾರು ತಿಂದ್ರೆ ಇನ್ನೂ ಕಷ್ಟ.

ಎರಡನೇದು ಕೂರೋ ರೀತಿ. ಗುದನಾಳದ ಸುತ್ತ ಒಂದು ಸ್ನಾಯು ಇದೆ, ಅದು ಕುಣಿಕೆ ಹಾಕಿದ ಹಾಗೆ ಎಳೆದು ದಾರಿಯನ್ನ ಬಗ್ಗಿಸಿ ಇಟ್ಟಿರತ್ತೆ. ಕುಕ್ಕರಗಾಲಲ್ಲಿ ಕೂತಾಗ ಅದು ಸಡಿಲ ಆಗಿ ದಾರಿ ನೇರ ಆಗತ್ತೆ. ಅದಕ್ಕೇ ಇಂಡಿಯನ್ ಟಾಯ್ಲೆಟ್‌ನಲ್ಲಿ ತಿಣುಕೋದು ಕಮ್ಮಿ. ವೆಸ್ಟರ್ನ್ ಇದ್ರೆ ಕಾಲ ಕೆಳಗೆ ಚಿಕ್ಕ ಸ್ಟೂಲ್ ಇಟ್ಕೊಳ್ಳಿ. ಮೊಬೈಲ್ ಹೊರಗಿಡಿ. ರೀಲ್ಸ್ ನೋಡ್ತಾ ಅರ್ಧ ಗಂಟೆ ಕೂತ್ರೆ ಅಲ್ಲಿನ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ಪೈಲ್ಸ್‌ಗೆ ದಾರಿ. ಹತ್ತು ನಿಮಿಷದಲ್ಲಿ ಆಗದಿದ್ರೆ ಎದ್ದು ಬನ್ನಿ.

ಎದೆ ಉರಿ ಬಗ್ಗೆ ಒಂದೇ ಮಾತು: ಉಂಡ ತಕ್ಷಣ ಮಲಗಬೇಡ ಅಂತ ಅಜ್ಜಿ ಹೇಳ್ತಿದ್ದಿದ್ದು ನಿಜ. ಮಲಗಿದಾಗ ಆಸಿಡ್ ಸುಲಭವಾಗಿ ಮೇಲಕ್ಕೆ ಬರತ್ತೆ. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಇರಲಿ, ಮಧ್ಯೆ ಕ್ಯಾಂಪಸ್‌ನಲ್ಲಿ ಒಂದು ರೌಂಡ್ ಹೊಡೀರಿ.

ರಕ್ತ ಕಂಡ್ರೆ, ಮೋಷನ್ ಕಪ್ಪಗಿದ್ರೆ, ಸುಮ್ಸುಮ್ನೆ ತೂಕ ಇಳಿದ್ರೆ, ಹೊಟ್ಟೆನೋವು ರಾತ್ರಿ ನಿದ್ದೆಯಿಂದ ಎಬ್ಬಿಸಿದ್ರೆ ಈ ಲೇಖನ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ. ನನ್ನ ಹಾಗೆ ಮೂರು ವಾರ ಕಾಯಬೇಡಿ. ಅವರು ನಗಲ್ಲ, ದಿನಾ ಇದನ್ನೇ ನೋಡ್ತಿರ್ತಾರೆ.

ನನಗೆ ಸರಿ ಹೋಗೋಕೆ ಒಂದೂವರೆ ತಿಂಗಳು ಹಿಡೀತು. ಈಗ 6:30ಕ್ಕೆ ಎದ್ದು ನೀರು ಕುಡಿದು ಎರಡು ಬಾಳೆಹಣ್ಣು ತಿಂತೀನಿ, 7 ಗಂಟೆಗೆ ಟಾಯ್ಲೆಟ್. ಆ ಹೊತ್ತಲ್ಲಿ ಕ್ಯೂ ಇರಲ್ಲ. ಇದನ್ನ ಓದಿ ನೀವೆಲ್ಲ 7 ಗಂಟೆಗೇ ಬಂದ್ರೆ ನಾನು 6:30ಕ್ಕೆ ಶಿಫ್ಟ್ ಆಗಬೇಕಾಗತ್ತೆ.