ನೀರಿನಲ್ಲಿ ಬೆವರು ಕಾಣುವುದಿಲ್ಲ

ರಕ್ತದಲ್ಲಿ ಸಕ್ಕರೆ ತೀರಾ ಇಳಿದರೆ ದೇಹ ಸುಮ್ಮನಿರುವುದಿಲ್ಲ. ಹಣೆ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ, ತಡೆಯಲಾಗದ ಹಸಿವಾಗುತ್ತದೆ. ಶುಗರ್ ಇರುವವರಿಗೆ ಇದೆಲ್ಲ ಗೊತ್ತಿರುವುದೇ. ಬಸ್ಸಿನಲ್ಲೋ ಆಫೀಸಿನಲ್ಲೋ ಹೀಗಾದರೆ ಜೇಬಿನಿಂದ ಒಂದು ಪೆಪ್ಪರ್‌ಮೆಂಟ್ ತೆಗೆದು ಬಾಯಿಗೆ ಹಾಕಿಕೊಂಡು ಸುಧಾರಿಸಿಕೊಳ್ಳುತ್ತಾರೆ. ಈಜುಕೊಳದಲ್ಲಿ ಇವೇ ಸೂಚನೆಗಳು ವೇಷ ಮರೆಸಿಕೊಂಡು ಬರುತ್ತವೆ. ಬೆವರು ನೀರಿನಲ್ಲೇ ತೊಳೆದುಹೋಗುತ್ತದೆ. ನಡುಕ ಬಂದರೆ ಇವತ್ತು ನೀರು ತಣ್ಣಗಿದೆ ಅನ್ನಿಸುತ್ತದೆ. ಎದೆಬಡಿತ ಹೆಚ್ಚಾದದ್ದು ಈಜಿದ್ದಕ್ಕೆ, ಸುಸ್ತಾದದ್ದೂ ಈಜಿದ್ದಕ್ಕೆ. ಇನ್ನು ಹಸಿವು, ಅದು ಈಜಿದವರಿಗೆಲ್ಲ ಆಗುವುದೇ. ಹೀಗೆ ಒಂದೊಂದಕ್ಕೂ ಒಂದೊಂದು ಕಾರಣ ಸಿಕ್ಕಿಬಿಡುವುದರಿಂದ, ಶುಗರ್ ಲೋ ಆಗಿದೆ ಎಂಬ ಯೋಚನೆ ಹೊಳೆಯುವ ಹೊತ್ತಿಗೆ ತಲೆ ಮಂಕಾಗಿರುತ್ತದೆ, ಕಾಲಿಗೆ ನೆಲ ಸಿಗದಿರುತ್ತದೆ.

ಹಾಗೆಂದು ಮಧುಮೇಹಿಗಳು ನೀರಿಗೆ ಇಳಿಯಬಾರದೇ? ಖಂಡಿತ ಇಳಿಯಬಹುದು. ಮಂಡಿ ನೋವಿರುವವರಿಗೆ, ತೂಕ ಹೆಚ್ಚಿರುವವರಿಗೆ, ನಾಲ್ಕು ಹೆಜ್ಜೆ ಬಿರುಸಾಗಿ ನಡೆದರೆ ಸೊಂಟ ಹಿಡಿದುಕೊಳ್ಳುವವರಿಗೆ ಈಜಿನಷ್ಟು ಅನುಕೂಲದ ವ್ಯಾಯಾಮ ಇನ್ನೊಂದು ಸಿಗುವುದು ಕಷ್ಟ. ದೇಹದ ಭಾರವನ್ನು ನೀರು ಹೊರುತ್ತದೆ, ಸ್ನಾಯುಗಳು ಮಾತ್ರ ದುಡಿಯುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಇವರಿಗೆಲ್ಲ ವೈದ್ಯರು ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ವ್ಯಾಯಾಮ, ಅದರಲ್ಲೂ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ. ಬಿಡುವು ಬೇಡ ಎನ್ನುವುದಕ್ಕೆ ಕಾರಣವಿದೆ. ಒಮ್ಮೆ ಚೆನ್ನಾಗಿ ಈಜಿದರೆ ಇನ್ಸುಲಿನ್‌ಗೆ ಸ್ನಾಯುಗಳು ಸ್ಪಂದಿಸುವ ರೀತಿ ಸುಧಾರಿಸುತ್ತದೆ, ಆದರೆ ಆ ಲಾಭ ಉಳಿಯುವುದು ಒಂದರಿಂದ ಮೂರು ದಿನ. ಭಾನುವಾರಕ್ಕೊಮ್ಮೆ ರೆಸಾರ್ಟಿಗೆ ಹೋಗಿ ನೀರಾಟವಾಡಿ ಬಂದರೆ ಈ ಲೆಕ್ಕ ಕೂಡಿಬರುವುದಿಲ್ಲ.

ಗ್ಯಾರಿ ಹಾಲ್ ಜೂನಿಯರ್ ಎಂಬ ಅಮೆರಿಕದ ಈಜುಗಾರನ ಕಥೆ ಈ ವಿಷಯದಲ್ಲಿ ತಪ್ಪದೆ ಬರುತ್ತದೆ, ಬರಬೇಕಾದದ್ದೇ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಆತ ರಿಲೇಗಳಲ್ಲಿ ಎರಡು ಚಿನ್ನ ಗೆದ್ದರು. 50 ಮತ್ತು 100 ಮೀಟರ್ ಫ್ರೀಸ್ಟೈಲ್‌ನಲ್ಲಿ ರಷ್ಯಾದ ಅಲೆಕ್ಸಾಂಡರ್ ಪೊಪೊವ್ ಹಿಂದೆ ಎರಡು ಬೆಳ್ಳಿ. 1999ರಲ್ಲಿ, ಇನ್ನೂ 25 ತುಂಬುವ ಮೊದಲು, ಟೈಪ್ 1 ಮಧುಮೇಹ ಪತ್ತೆಯಾಯಿತು. ಆ ಮಟ್ಟದ ಈಜು ಇನ್ನು ಸಾಧ್ಯವಿಲ್ಲ ಎಂದರು ವೈದ್ಯರು. ಲಾಸ್ ಏಂಜಲೀಸ್‌ನ ಮಧುಮೇಹ ತಜ್ಞೆ ಆನ್ ಪೀಟರ್ಸ್ ಮಾತ್ರ ಬೇರೆ ದಾರಿ ಹಿಡಿದರು. ಅಭ್ಯಾಸದ ನಡುನಡುವೆ ರಕ್ತ ಪರೀಕ್ಷೆ, ಅದಕ್ಕೆ ತಕ್ಕಂತೆ ಇನ್ಸುಲಿನ್, ಆಹಾರ. ಮರುವರ್ಷ ಸಿಡ್ನಿಯಲ್ಲಿ ಹಾಲ್ 50 ಮೀಟರ್ ದೂರವನ್ನು 21.98 ಸೆಕೆಂಡಿನಲ್ಲಿ ಮುಟ್ಟಿದರು. ತಂಡದ ಜೊತೆಗಾರ ಆಂಥನಿ ಅರ್ವಿನ್ ಅವರದೂ ಅಷ್ಟೇ ಸಮಯ, ಇಬ್ಬರಿಗೂ ಚಿನ್ನ. 2004ರ ಅಥೆನ್ಸ್‌ನಲ್ಲಿ ಅದೇ ಸ್ಪರ್ಧೆಯನ್ನು ಮತ್ತೆ ಗೆದ್ದರು, 21.93 ಸೆಕೆಂಡು. ಅದೇ ಸಿಡ್ನಿಯಲ್ಲಿ ಬ್ರಿಟನ್ನಿನ ಹುಟ್ಟುಗಾರ ಸ್ಟೀವ್ ರೆಡ್‌ಗ್ರೇವ್ ಸತತ ಐದನೇ ಒಲಿಂಪಿಕ್ ಚಿನ್ನ ಗೆದ್ದಾಗ ಅವರಿಗೆ ಮಧುಮೇಹ ಬಂದು ಮೂರು ವರ್ಷವಾಗಿತ್ತು.

ಆದರೆ ಹಾಲ್ ಕಥೆಯಿಂದ ಸಾಮಾನ್ಯ ಈಜುಗಾರರು ನೇರವಾಗಿ ಪಾಠ ಎತ್ತಿಕೊಂಡರೆ ಎಡವಟ್ಟಾಗುತ್ತದೆ. ಇಪ್ಪತ್ತೆರಡು ಸೆಕೆಂಡಿನ ಜಿದ್ದಿನ ಈಜಿಗೂ, ಮುಕ್ಕಾಲು ಗಂಟೆ ನಿಧಾನವಾಗಿ ಆ ತುದಿಯಿಂದ ಈ ತುದಿಗೆ ಲ್ಯಾಪ್ ಹಾಕುವುದಕ್ಕೂ ರಕ್ತದ ಸಕ್ಕರೆ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತದೆ.

ಸ್ನಾಯುವಿನ ಕೋಶದೊಳಕ್ಕೆ ಸಕ್ಕರೆ ಹೋಗಬೇಕಾದರೆ ಸಾಮಾನ್ಯವಾಗಿ ಇನ್ಸುಲಿನ್ ಬೇಕು. ದುಡಿಯುತ್ತಿರುವ ಸ್ನಾಯು ಮಾತ್ರ ಇನ್ಸುಲಿನ್ನಿಗಾಗಿ ಕಾಯುವುದಿಲ್ಲ. ಸಕ್ಕರೆಯನ್ನು ಒಳಗೆಳೆಯುವ ಪ್ರೋಟೀನುಗಳು ಸ್ನಾಯು ಸಂಕುಚಿಸಿದಾಗ ತಾವಾಗಿಯೇ ಕೋಶದ ಮೇಲ್ಮೈಗೆ ಬರುತ್ತವೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ಇದನ್ನು ಕೂಡಲೇ ಗುರುತಿಸಿ ಇನ್ಸುಲಿನ್ ತಯಾರಿಕೆ ತಗ್ಗಿಸುತ್ತದೆ. ಖರ್ಚಾದ ಸಕ್ಕರೆಯನ್ನು ಲಿವರ್ ತನ್ನ ದಾಸ್ತಾನಿನಿಂದ ತುಂಬಿಕೊಡುತ್ತದೆ. ಇಂಜೆಕ್ಷನ್ ತೆಗೆದುಕೊಂಡವರ ಕಷ್ಟ ಇರುವುದೇ ಇಲ್ಲಿ. ಬೆಳಿಗ್ಗೆ ಚುಚ್ಚಿಕೊಂಡ ಇನ್ಸುಲಿನ್ನನ್ನು ಇನ್ನು ವಾಪಸು ಕರೆಯಲಾಗದು. ಅದು ತನ್ನ ಕೆಲಸ ತಾನು ಮಾಡುತ್ತದೆ, ಸ್ನಾಯುಗಳು ತಮ್ಮ ಪಾಲು ಎಳೆಯುತ್ತವೆ, ಲಿವರ್‌ಗೆ ಸಕ್ಕರೆ ಬಿಡಲು ಅದೇ ಇನ್ಸುಲಿನ್ ಅಡ್ಡಿ. ತೊಡೆಗೋ ತೋಳಿಗೋ ಚುಚ್ಚಿಕೊಂಡು ತಕ್ಷಣ ಈಜಿದರೆ ಅದು ಇನ್ನಷ್ಟು ಬೇಗ ರಕ್ತಕ್ಕೆ ಸೇರುವ ಸಂಭವವಿದೆ. ಹಾಗಾಗಿ ಈಜುವವರಿಗೆ ಹೊಟ್ಟೆಯ ಜಾಗವೇ ವಾಸಿ.

ಜಿದ್ದಿನ ಈಜಿನಲ್ಲಿ ಇದು ತಿರುವುಮುರುವು. ಅಡ್ರಿನಲಿನ್ ಉಕ್ಕುತ್ತದೆ, ಲಿವರ್ ಸಕ್ಕರೆ ಸುರಿಯುತ್ತದೆ, ಕೊಳದಿಂದ ಮೇಲೆ ಬಂದಾಗ ಗ್ಲುಕೋಮೀಟರ್ ಇಳಿಯುವ ಮುಂಚಿನ ಅಂಕಿಗಿಂತ ಹೆಚ್ಚು ತೋರಿಸುತ್ತದೆ. ಈಜಿ ಬಂದರೂ ಶುಗರ್ ಏರಿದೆಯಲ್ಲ ಎಂದು ಗಾಬರಿಬಿದ್ದು ಹೆಚ್ಚುವರಿ ಇನ್ಸುಲಿನ್ ತೆಗೆದುಕೊಂಡವರು ಎರಡು ಗಂಟೆ ಬಿಟ್ಟು ಲೋ ಆಗಿ ಒದ್ದಾಡುವುದುಂಟು. ಜೋರು ವ್ಯಾಯಾಮ ಸಕ್ಕರೆ ಏರಿಸುವ ಈ ಗುಣವನ್ನೇ ಉಪಯೋಗಕ್ಕೆ ತಂದುಕೊಳ್ಳಬಹುದೇ ಎಂದು ಆಸ್ಟ್ರೇಲಿಯಾದ ಸಂಶೋಧಕರು ಪರೀಕ್ಷಿಸಿದ್ದರು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಟೈಪ್ 1 ಮಧುಮೇಹಿಗಳು 20 ನಿಮಿಷ ಸಾಧಾರಣ ವೇಗದಲ್ಲಿ ಸೈಕಲ್ ತುಳಿದ ನಂತರ ಬರೀ 10 ಸೆಕೆಂಡು ಪೂರ್ತಿ ಬಲ ಹಾಕಿ ತುಳಿದರು. ಆಮೇಲಿನ ಎರಡು ಗಂಟೆ ಸಕ್ಕರೆ ಮತ್ತೆ ಕುಸಿಯಲಿಲ್ಲ. ಪ್ರಯೋಗ ಸಣ್ಣದು, ಅದೂ ಸೈಕಲ್ ಮೇಲೆ. ಆದರೂ ಕೊನೆಯ ಲ್ಯಾಪನ್ನು ಜೋರಾಗಿ ಈಜಿ ಮುಗಿಸುವ ರೂಢಿಗೆ ಒಂದು ಆಧಾರವಂತೂ ಇದೆ.

ಶುಗರ್ ಲೋ ಆಗುವ ಭಯ ಎಲ್ಲ ಮಧುಮೇಹಿಗಳಿಗೂ ಒಂದೇ ಸಮನಾಗಿಲ್ಲ. ಬರೀ ಮೆಟ್‌ಫಾರ್ಮಿನ್ ಮಾತ್ರೆಯಲ್ಲಿರುವವರಿಗೆ ಈಜುವಾಗ ಶುಗರ್ ಲೋ ಆಗುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳ ವಿಷಯ ಬೇರೆ. ಅವು ರಕ್ತದಲ್ಲಿ ಸಕ್ಕರೆ ಇರಲಿ ಬಿಡಲಿ ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತವೆ. ವಯಸ್ಸು 50 ದಾಟಿದ ಒಬ್ಬರು ಇದ್ದಾರೆ ಎಂದುಕೊಳ್ಳಿ. ಬೆಳಿಗ್ಗೆ ಆರಕ್ಕೆ ಗ್ಲಿಮೆಪಿರೈಡ್ ನುಂಗಿ, ಬಂದಮೇಲೆ ತಿಂಡಿ ತಿಂದರಾಯಿತು ಎಂದು ಖಾಲಿ ಹೊಟ್ಟೆಯಲ್ಲಿ ಆರೂವರೆಯ ಬ್ಯಾಚಿಗೆ ಹೋದರೆ, ಅವರು ಇನ್ಸುಲಿನ್ ತೆಗೆದುಕೊಳ್ಳುವವರಷ್ಟೇ ಎಚ್ಚರ ವಹಿಸಬೇಕು. ಮಾತ್ರೆಯನ್ನು ತಿಂಡಿಯ ಜೊತೆಗೆ ತೆಗೆದುಕೊಳ್ಳುವುದೇ ನಿಯಮ. ಸಮಯ ಬದಲಿಸಬಹುದೇ, ಪ್ರಮಾಣ ಇಳಿಸಬೇಕೇ ಎಂದು ಬ್ಯಾಚಿಗೆ ದುಡ್ಡು ಕಟ್ಟುವ ಮೊದಲೇ ವೈದ್ಯರ ಹತ್ತಿರ ಕೇಳಿಕೊಳ್ಳಬೇಕು. ರಕ್ತದೊತ್ತಡಕ್ಕೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ಹೇಳಬೇಕು, ಏಕೆಂದರೆ ನಡುಕ ಮತ್ತು ಎದೆಬಡಿತವನ್ನು ಆ ಮಾತ್ರೆ ಅಡಗಿಸಿಬಿಡುತ್ತದೆ.

ಇನ್ನು ಅಂಕಿಗಳು. ಟೈಪ್ 1 ಮಧುಮೇಹಿಗಳ ವ್ಯಾಯಾಮದ ಬಗ್ಗೆ 2017ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಟ್ಟಾಗಿ ರೂಪಿಸಿದ ಸಲಹೆ ಹೀಗಿದೆ: ಒಂದು ಗಂಟೆಯೊಳಗಿನ ಸಾಧಾರಣ ವ್ಯಾಯಾಮ ಶುರುಮಾಡುವಾಗ ಸಕ್ಕರೆ (mg/dL ಲೆಕ್ಕದಲ್ಲಿ) 126ರಿಂದ 180ರೊಳಗೆ ಇದ್ದರೆ ಒಳ್ಳೆಯದು. 90ಕ್ಕಿಂತ ಕಡಿಮೆಯಿದ್ದರೆ ಮೊದಲು 10ರಿಂದ 20 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, ಏರಿದ ಮೇಲೆ ಇಳಿಯಬೇಕು. 270 ದಾಟಿದ್ದರೆ ಕೀಟೋನ್ ಪರೀಕ್ಷೆ ಮಾಡಬೇಕು, ಕೀಟೋನ್ ಹೆಚ್ಚಿದ್ದರೆ ಅಂದು ಈಜು ಬೇಡವೇ ಬೇಡ. ಹಿಂದಿನ 24 ಗಂಟೆಯಲ್ಲಿ ಬೇರೆಯವರ ಸಹಾಯ ಬೇಕಾಗುವಷ್ಟು ಸಕ್ಕರೆ ಇಳಿದಿದ್ದರೂ ಬೇಡ. ಈಜಿಗೆ ಮುಂಚಿನ ಊಟಕ್ಕೆ ತೆಗೆದುಕೊಳ್ಳುವ ಇನ್ಸುಲಿನ್ನನ್ನು ಈಜಿನ ಹೊತ್ತು, ಬಿರುಸು ನೋಡಿ ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೂ ತಗ್ಗಿಸುವುದುಂಟು. ಎಷ್ಟು ಎಂಬುದು ಅವರವರ ದೇಹಕ್ಕೆ ಬಿಟ್ಟದ್ದು. ಸಕ್ಕರೆಯ ಅಂಕಿಗಳನ್ನು ಬರೆದಿಟ್ಟುಕೊಂಡ ಪುಸ್ತಕ ಹಿಡಿದು ವೈದ್ಯರೊಂದಿಗೆ ಕೂತರೆ ಮೂರು ನಾಲ್ಕು ವಾರದಲ್ಲಿ ಅಂದಾಜು ಸಿಗುತ್ತದೆ.

ಒಂದೇ ಅಂಕಿ ನೋಡಿ ನೀರಿಗಿಳಿಯುವುದಕ್ಕಿಂತ ಎರಡು ಅಂಕಿ ನೋಡುವುದು ಮೇಲು. ಮನೆಯಲ್ಲಿ 170 ಇದ್ದದ್ದು ಕೊಳದ ಹತ್ತಿರ 130 ಆಗಿದ್ದರೆ, 130 ಎಂಬ ಅಂಕಿ ಚೆನ್ನಾಗಿಯೇ ಕಂಡರೂ ಅದು ಇಳಿಯುತ್ತಿರುವ ಸಕ್ಕರೆ. ನೀರಿನಲ್ಲಿ ಅರ್ಧ ಗಂಟೆ ಕಳೆದರೆ ಎಲ್ಲಿಗೆ ಬಂದು ನಿಲ್ಲುತ್ತದೋ ಹೇಳಲಾಗದು. ಸಮುದ್ರದಾಳಕ್ಕೆ ಇಳಿಯುವ ಸ್ಕೂಬಾ ಡೈವರ್‌ಗಳು ಇದನ್ನು ನಿಯಮವನ್ನಾಗಿಯೇ ಮಾಡಿಕೊಂಡಿದ್ದಾರೆ. ಮಧುಮೇಹಿ ಡೈವರ್‌ಗಳಿಗಾಗಿ 2005ರಲ್ಲಿ ರೂಪಿಸಿದ ಮಾರ್ಗಸೂಚಿಯಂತೆ, ಇಳಿಯುವ ಒಂದು ಗಂಟೆ ಮೊದಲು, ಅರ್ಧ ಗಂಟೆ ಮೊದಲು, ಇಳಿಯುವ ಹೊತ್ತಿಗೆ ಹೀಗೆ ಮೂರು ಸಲ ನೋಡಬೇಕು. ಸಕ್ಕರೆ 150ಕ್ಕಿಂತ ಮೇಲಿರಬೇಕು, ಸ್ಥಿರವಾಗಿರಬೇಕು ಅಥವಾ ಏರುತ್ತಿರಬೇಕು. ಡೈವಿಂಗ್‌ಗೆಂದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ ಹತ್ತುವ ಉತ್ಸಾಹಿಗಳು ಅರ್ಜಿಯಲ್ಲಿ ಶುಗರ್ ವಿಷಯ ಮುಚ್ಚಿಡುವುದು ಬುದ್ಧಿವಂತಿಕೆಯಲ್ಲ.

ಕೊಳದ ದಂಡೆಯಲ್ಲಿ ಬೆರಳು ಚುಚ್ಚಿ ನೋಡುವುದೂ ಒಂದು ಕಲೆಯೇ. ನೀರಿನಲ್ಲಿ ನೆನೆದು ಸುಕ್ಕಾದ ಬೆರಳು, ಅದರ ಗೆರೆಗಳಲ್ಲಿ ಇನ್ನೂ ಪಸೆ. ಹಾಗೇ ಚುಚ್ಚಿದರೆ ರಕ್ತದ ಹನಿ ಗುಂಡಗೆ ನಿಲ್ಲದೆ ಚರ್ಮದ ಮೇಲೆ ಹರಡುತ್ತದೆ, ನೀರು ಬೆರೆತು ಮೀಟರ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಗ್ಲೂಕೋಸ್ ಪುಡಿ ಮುಟ್ಟಿದ ಬೆರಳಾದರೆ ಹೆಚ್ಚು ತೋರಿಸುತ್ತದೆ. ಆದ್ದರಿಂದ ಚೀಲದಲ್ಲಿ ಮೈ ಒರೆಸುವ ಟವೆಲ್ ಅಲ್ಲದೆ ಒಂದು ಒಣ ಕರ್ಚೀಫ್ ಬೇರೆಯೇ ಇರಬೇಕು. ಬೆರಳನ್ನು ಚೆನ್ನಾಗಿ ಒರೆಸಿ, ಮೊದಲ ಹನಿ ಒರೆಸಿಹಾಕಿ, ಎರಡನೆಯದನ್ನು ಸ್ಟ್ರಿಪ್ಪಿಗೆ ತಾಗಿಸಬೇಕು. ಸ್ಟ್ರಿಪ್ ಡಬ್ಬಿಯ ಮುಚ್ಚಳ ಕೂಡಲೇ ಹಾಕದಿದ್ದರೆ ಆ ತೇವಕ್ಕೆ ಉಳಿದವೂ ಕೆಡುತ್ತವೆ. ಇನ್ಸುಲಿನ್ ಪೆನ್ನನ್ನು ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟುಬರುವುದಂತೂ ಕೂಡದು.

ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್‌ಗಳು ಬಂದಮೇಲೆ ಎಷ್ಟೋ ಸುಲಭವಾಗಿದೆ, ನಿಜ. ಆದರೆ ಅವು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ದ್ರವವನ್ನು. ಸಕ್ಕರೆ ವೇಗವಾಗಿ ಇಳಿಯುವಾಗ ಸೆನ್ಸರ್ ಹಲವು ನಿಮಿಷ ಹಿಂದೆ ಬೀಳುತ್ತದೆ, 95 ಎಂದು ತೋರಿಸುವಾಗ ರಕ್ತದಲ್ಲಿ 75 ಇರಬಹುದು. ಬ್ಲೂಟೂತ್ ಸಂಕೇತ ನೀರನ್ನು ದಾಟಿ ದಂಡೆಯ ಮೊಬೈಲಿಗೆ ತಲುಪುವುದಿಲ್ಲವಾದ್ದರಿಂದ ಎಚ್ಚರಿಕೆಯ ಗಂಟೆಯನ್ನೂ ನೆಚ್ಚಿಕೊಳ್ಳುವಂತಿಲ್ಲ. ನಮ್ಮಲ್ಲಿ ಸಿಗುವ ಫ್ರೀಸ್ಟೈಲ್ ಲಿಬ್ರೆ ಎಂಬ ಸೆನ್ಸರ್ ಒಂದು ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ ಎಂಬುದು ಕಂಪನಿಯ ಮಾತು. ಅರ್ಧ ಗಂಟೆಗೊಮ್ಮೆ ಮೇಲೆ ಬನ್ನಿ ಎಂಬುದಕ್ಕೆ ಇದೂ ಒಂದು ನೆಪವಾಗಲಿ.

ಮೇಲೆ ಬಂದಾಗ 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಸಕ್ಕರೆ, ಎಂದರೆ ಸುಮಾರು ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಯಬೇಕು. ಗ್ಲೂಕೋಸ್ ಪುಡಿಯೂ ಆದೀತು. ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಬಿಸ್ಕತ್ತು, ಚಹಾ ಆಮೇಲಿನ ಮಾತು. ಎಳನೀರು ಆರೋಗ್ಯಕ್ಕೆ ಒಳ್ಳೆಯದು ಎಂದು ನಂಬಿ ಅದನ್ನೇ ಕುಡಿದು ಕೂರುವವರಿದ್ದಾರೆ. ಈ ಹೊತ್ತಿಗೆ ಬೇಕಾದಷ್ಟು ಸಕ್ಕರೆ ಅದರಲ್ಲಿ ಇರುವುದಿಲ್ಲ.

ಕಾಲಿನ ಬಗ್ಗೆ ಎರಡು ಮಾತು. ಮಧುಮೇಹದಿಂದ ಕಾಲಿನ ನರ ಮಂಕಾದವರಿಗೆ ಏಪ್ರಿಲ್ ಮಧ್ಯಾಹ್ನದ ಕೊಳದ ಕಲ್ಲುಹಾಸು ಎಷ್ಟು ಸುಡುತ್ತದೆಂಬುದೇ ತಿಳಿಯದು. ಮನೆಗೆ ಬಂದು ಅಂಗಾಲಿನಲ್ಲಿ ಬೊಬ್ಬೆ ಕಂಡಮೇಲೆ ಗೊತ್ತಾಗುತ್ತದೆ. ನೀರಿನಂಚಿನವರೆಗೂ ಚಪ್ಪಲಿ ಇರಲಿ, ಬೆರಳ ಸಂದುಗಳನ್ನು ಒಣಗಿಸಿಕೊಳ್ಳಲಿ. ಗಾಯವಿದ್ದರೆ ಮಾಯುವವರೆಗೆ ಈಜು ಬೇಡ.

ಕರ್ನಾಟಕದ ಹಳ್ಳಿಗಳಲ್ಲಿ ಈಜು ಎಂದರೆ ಇವತ್ತಿಗೂ ತೋಟದ ಬಾವಿ, ಕೆರೆ, ಹೊಳೆ. ಅಲ್ಲಿ ಲೈಫ್‌ಗಾರ್ಡ್ ಇಲ್ಲ, ಹಿಡಿದುಕೊಳ್ಳಲು ಕಂಬಿಯಿಲ್ಲ, ಸುಸ್ತಾದವರು ಮೆಟ್ಟಿಲು ಹತ್ತಿ ಬರಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅಂಥಲ್ಲಿ ಒಬ್ಬರೇ ಇಳಿಯುವುದು ಎಷ್ಟೇ ನುರಿತ ಈಜುಗಾರರಾದರೂ ಸರಿಯಲ್ಲ. ರೆಸಾರ್ಟುಗಳಲ್ಲಿ ಅಪಾಯ ಬೇರೆ ತರಹದ್ದು: ಬಿಯರ್ ಕುಡಿದು ನೀರಿಗೆ ಬೀಳುವುದು. ಮದ್ಯವನ್ನು ಸಂಭಾಳಿಸುವ ಕೆಲಸದಲ್ಲಿ ತೊಡಗಿದ ಲಿವರ್ ಹೊಸ ಸಕ್ಕರೆ ತಯಾರಿಸುವುದನ್ನು ಕೈಬಿಡುತ್ತದೆ.

ಈಜು ಮುಗಿದ ಮಾತ್ರಕ್ಕೆ ಲೆಕ್ಕ ಮುಗಿಯಲಿಲ್ಲ. ಬರಿದಾದ ದಾಸ್ತಾನನ್ನು ಸ್ನಾಯುಗಳು ಗಂಟೆಗಟ್ಟಲೆ ತುಂಬಿಕೊಳ್ಳುತ್ತಲೇ ಇರುತ್ತವೆ. ಸಂಜೆ ಈಜಿದವರಿಗೆ ನಡುರಾತ್ರಿ ಮಲಗಿದ್ದಾಗ ಸಕ್ಕರೆ ಇಳಿಯಬಹುದು, 24 ಗಂಟೆಯವರೆಗೂ ಆ ಸಾಧ್ಯತೆ ಇದ್ದೇ ಇದೆ. ಮಲಗುವ ಮೊದಲು ಒಮ್ಮೆ ನೋಡುವುದು, ಬೇಕಿದ್ದರೆ ಸ್ವಲ್ಪ ಏನಾದರೂ ತಿನ್ನುವುದು, ವೈದ್ಯರು ಹೇಳಿದ್ದರೆ ರಾತ್ರಿಯ ಇನ್ಸುಲಿನ್ ತಗ್ಗಿಸುವುದು ಇದಕ್ಕಾಗಿ. ಬೆಳಗಿನ ಬ್ಯಾಚ್ ಈ ದೃಷ್ಟಿಯಿಂದ ಹಲವರಿಗೆ ಒಗ್ಗುತ್ತದೆ. ಊಟದ ಇನ್ಸುಲಿನ್ ಆಗ ದೇಹದಲ್ಲಿರುವುದಿಲ್ಲ, ಏನಾದರೂ ಆದರೆ ಎಚ್ಚರವಾಗಿರುವ ಹೊತ್ತಿನಲ್ಲೇ ಆಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಲವರು ಬಿಟ್ಟುಬಿಡುವ ಕೆಲಸವೆಂದರೆ ಕೋಚ್‌ಗೋ ಲೈಫ್‌ಗಾರ್ಡ್‌ಗೋ ವಿಷಯ ತಿಳಿಸುವುದು. ಸಂಕೋಚ, ಅಥವಾ ಸೇರಿಸಿಕೊಳ್ಳದಿದ್ದರೆ ಎಂಬ ಅಳುಕು. ಹೇಳಬೇಕಾದದ್ದು ಹೆಚ್ಚೇನಿಲ್ಲ: ನನಗೆ ಶುಗರ್ ಇದೆ, ಗ್ಲೂಕೋಸ್ ಈ ಚೀಲದ ಹೊರಜೇಬಿನಲ್ಲಿದೆ, ನಾನು ಅಸಂಬದ್ಧ ಮಾತಾಡಿದರೆ ಅಥವಾ ಸುಮ್ಮನೆ ತೇಲುತ್ತಿದ್ದರೆ ಮೊದಲು ನೀರಿನಿಂದ ಮೇಲೆ ತೆಗೆಯಿರಿ. ಎಚ್ಚರವಿದ್ದು ನುಂಗುವಂತಿದ್ದರೆ ಮಾತ್ರ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಕೂಡದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಉಸಿರು ನಿಂತಿದ್ದರೆ ಕೃತಕ ಉಸಿರಾಟ, ಎದೆ ಒತ್ತುವಿಕೆ ಶುರುಮಾಡಿ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಬೇಕು. ಫೋನಿನಲ್ಲಿ ಮಧುಮೇಹಿ ಎಂದು ಹೇಳಿದರೆ, ಬಂದವರು ಬಂದ ಕೂಡಲೇ ಸಕ್ಕರೆಯನ್ನೂ ಪರೀಕ್ಷಿಸುತ್ತಾರೆ.