ಮಾಳಿಗೆಯ ಮೇಲಿನ ಕರಿಯ ತಂತಿ

ಯಾದಗಿರಿಯ ಯಾವುದಾದರೊಂದು ಓಣಿಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ಕಂಬದಿಂದ ಮಾಳಿಗೆಗೆ, ಆ ಮಾಳಿಗೆಯಿಂದ ಮತ್ತೊಂದು ಮಾಳಿಗೆಗೆ ಹಾಯ್ದು ಹೋಗಿರುವ ಕರಿಯ ತಂತಿಯೊಂದು ಕಣ್ಣಿಗೆ ಬೀಳುತ್ತದೆ. ಶಹಾಪುರ, ಸುರಪುರಗಳಲ್ಲಿಯೂ ಇದೇ ನೋಟ. ಈ ತಂತಿ ಹಾಯುವ ಬೀದಿ ಊರಿನದು. ಅದರ ಮೂಲಕ ಬರುವ ಚಿತ್ರವನ್ನು ನೋಡುವವರೂ ಊರಿನವರೇ. ಆದರೆ ಆ ತಂತಿಯ ಮೇಲೆ ಊರಿನ ಅಧಿಕಾರವೆಷ್ಟು? ಅದರಿಂದ ಊರಿಗೆ ಆಗಬೇಕಾದ ಉಪಯೋಗವನ್ನು ನಿರ್ಧರಿಸುವವರು ಯಾರು? ಇವು ವಿಜ್ಞಾನಕ್ಕೂ ಪೌರನೀತಿಗೂ ಸೇರಿದ ಪ್ರಶ್ನೆಗಳು. ಇವನ್ನು ಕ್ರಮವಾಗಿ ವಿಚಾರಿಸೋಣ.

ಆಕಾಶದಿಂದ ಬಂದ ಮೊದಲ ಪಾಠ

ದೂರದರ್ಶನವು ಈ ಸೀಮೆಗೆ ಮೊದಲು ಬಂದುದು ತಂತಿಯ ಮೂಲಕ ಅಲ್ಲ, ನೇರವಾಗಿ ಆಕಾಶದಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷ ಕಾಲ, ಭಾರತದಲ್ಲಿ ಉಪಗ್ರಹದ ಮೂಲಕ ಬೋಧಿಸುವ ಒಂದು ದೊಡ್ಡ ಪ್ರಯೋಗ ನಡೆಯಿತು. ಅದರ ಹೆಸರು 'ಸೈಟ್'. ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಇದಕ್ಕಾಗಿ ಎರವಲು ಪಡೆಯಲಾಗಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆ ಪ್ರಯೋಗಕ್ಕೆ ಒಳಪಟ್ಟಿದ್ದವು. ಕರ್ನಾಟಕದಲ್ಲಿ ಆರಿಸಿಕೊಂಡ ಜಿಲ್ಲೆಗಳು ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಆಗ ಯಾದಗಿರಿ, ಶಹಾಪುರ, ಸುರಪುರಗಳು ಗುಲ್ಬರ್ಗ ಜಿಲ್ಲೆಯ ತಾಲ್ಲೂಕುಗಳಾಗಿದ್ದವು.

ಸುಮಾರು 3 ಮೀಟರ್ ಅಗಲದ, ತಂತಿಬಲೆಯ ಬೋಗುಣಿಯಂತಹ ಆಂಟೆನಾ ಒಂದು. ಊರಿಗೆಲ್ಲ ಸೇರಿ ಟೆಲಿವಿಷನ್ ಪೆಟ್ಟಿಗೆ ಒಂದು. ಬೆಳಿಗ್ಗೆ ಮಕ್ಕಳ ಪಾಠ, ಸಂಜೆ ಬೇಸಾಯ, ಆರೋಗ್ಯ ಮೊದಲಾದ ವಿಷಯಗಳು. ಪೆಟ್ಟಿಗೆ ಊರಿನದೇ ಆಗಿದ್ದರೂ ಕಾರ್ಯಕ್ರಮ ಬೇರೆಡೆಯಿಂದ ಬರುತ್ತಿತ್ತು; ನೋಡಿದವನು ಮರುಪ್ರಶ್ನೆ ಕೇಳುವಂತಿರಲಿಲ್ಲ. ಈ ಕೊರತೆಯನ್ನು ನೆನಪಿನಲ್ಲಿಟ್ಟುಕೊಂಡು ಮುಂದಕ್ಕೆ ಸಾಗೋಣ.

ತಂತಿಯೊಳಗೆ ನಡೆಯುವುದೇನು?

1990ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಹೆಚ್ಚಿದಂತೆ ಕೇಬಲ್ ಜಾಲಗಳು ನಮ್ಮ ಊರುಗಳಲ್ಲಿ ಹರಡಿದವು. ಆಕಾಶದಿಂದ ಬರುವ ಸಂಕೇತಗಳನ್ನು ಒಂದೆಡೆ ಹಿಡಿದು, ಒಂದೊಂದನ್ನು ಒಂದೊಂದು ಆವರ್ತಾಂಕಕ್ಕೆ ಹೊಂದಿಸಿ, ಎಲ್ಲವನ್ನೂ ಒಂದೇ ತಂತಿಯಲ್ಲಿ ಮನೆಮನೆಗೆ ಹರಿಯಬಿಡುವುದೇ ಇದರ ತತ್ತ್ವ. ಈ ತಂತಿಯ ನಡುವೆ ತಾಮ್ರದ ಎಳೆ, ಅದರ ಸುತ್ತ ನಿರೋಧಕ ವಸ್ತು, ಅದರ ಮೇಲೆ ಲೋಹದ ಹೊದಿಕೆ ಇರುತ್ತದೆ. ಇದೇ ಕೋ-ಆಕ್ಸಿಯಲ್ ಕೇಬಲ್.

ಸಂಕೇತವು ತಂತಿಯಲ್ಲಿ ಸಾಗಿದಂತೆ ಕ್ಷೀಣಿಸುತ್ತದೆ. ಮನೆಗಳಿಗೆ ಎಳೆಯುವ ಸಾಮಾನ್ಯ ಕೇಬಲಿನಲ್ಲಿ, ಮೇಲಿನ ಆವರ್ತಾಂಕಗಳಲ್ಲಿ, 100 ಮೀಟರ್ ಸಾಗುವಷ್ಟರಲ್ಲಿ ಸುಮಾರು 20 ಡೆಸಿಬೆಲ್ ನಷ್ಟವಾಗುತ್ತದೆ. ಎಂದರೆ ಹೊರಟ ಶಕ್ತಿಯಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಆದುದರಿಂದಲೇ ದಾರಿಯುದ್ದಕ್ಕೂ ವರ್ಧಕಗಳು ಬೇಕು. ವರ್ಧಕಕ್ಕೆ ವಿದ್ಯುತ್ತು ಬೇಕು. ಓಣಿಯಲ್ಲಿ ವಿದ್ಯುತ್ತು ಹೋದರೆ ಅದರಾಚೆಯ ಮನೆಗಳಲ್ಲಿ ಚಿತ್ರ ಮಾಯವಾಗುವುದಕ್ಕೆ ಇದೇ ಕಾರಣ.

ಗಾಜಿನ ಎಳೆಯ ಕಥೆ ಬೇರೆ. ಅದರಲ್ಲಿ ಸಾಗುವುದು ಬೆಳಕು. 1,550 ನ್ಯಾನೋಮೀಟರ್ ತರಂಗದೂರದ ಬೆಳಕು ಒಂದು ಕಿಲೋಮೀಟರಿಗೆ ಸುಮಾರು 0.2 ಡೆಸಿಬೆಲ್ ಮಾತ್ರ ಕಳೆದುಕೊಳ್ಳುತ್ತದೆ. ತಾಮ್ರವು 100 ಮೀಟರಿನಲ್ಲಿ ಕಳೆಯುವುದನ್ನು ಗಾಜು ಕಳೆಯುವುದಕ್ಕೆ 100 ಕಿಲೋಮೀಟರ್ ಬೇಕು! ಯಾದಗಿರಿಯಿಂದ ಶಹಾಪುರದ ಮಾರ್ಗವಾಗಿ ಸುರಪುರಕ್ಕೆ ಇರುವ ದೂರ ಇದಕ್ಕಿಂತ ಬಹಳ ಕಡಿಮೆ. ಆದುದರಿಂದ ಮೂರು ಊರುಗಳನ್ನು ಒಂದೇ ಜಾಲದಲ್ಲಿ ಹೆಣೆಯುವುದಕ್ಕೆ ಭೌತಶಾಸ್ತ್ರದ ಅಡ್ಡಿಯೇನೂ ಇಲ್ಲ. ಅಡ್ಡಿಯಿದ್ದರೆ ಅದು ವ್ಯವಸ್ಥೆಯಲ್ಲಿರಬೇಕು.

ಅಧಿಕಾರ ಯಾರ ಕೈಯಲ್ಲಿ?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಟೆಲಿಫೋನು, ವೈರ್‌ಲೆಸ್, ಪ್ರಸಾರ ಮೊದಲಾದುವು ಕೇಂದ್ರದ ಪಟ್ಟಿಗೆ ಸೇರಿವೆ. 1992ರ 74ನೆಯ ತಿದ್ದುಪಡಿ ನಗರಾಡಳಿತಗಳಿಗೆಂದು ಹೆಸರಿಸಿದ 18 ವಿಷಯಗಳಲ್ಲಿ ರಸ್ತೆ, ನೀರು, ಬೀದಿದೀಪಗಳಿವೆ, ಪ್ರಸಾರವಿಲ್ಲ. 1995ರ ಕೇಬಲ್ ಟೆಲಿವಿಷನ್ ಜಾಲಗಳ ಅಧಿನಿಯಮವು ಈ ಉದ್ಯಮವನ್ನು ಕಟ್ಟುಪಾಡಿಗೆ ತಂದಿತು. ನೋಂದಣಿಯಿಲ್ಲದೆ ಯಾರೂ ಕೇಬಲ್ ಜಾಲ ನಡೆಸಕೂಡದೆಂದು ಅದು ವಿಧಿಸಿತು. ಬಹುಕಾಲ ಈ ನೋಂದಣಿ ನಡೆಯುತ್ತಿದ್ದುದು ಪ್ರಧಾನ ಅಂಚೆ ಕಚೇರಿಯಲ್ಲಿ. 2025ರ ಜನವರಿಯಲ್ಲಿ ಅದನ್ನು ಕೇಂದ್ರ ಸಚಿವಾಲಯದ ಅಂತರ್ಜಾಲ ದ್ವಾರಕ್ಕೆ ವರ್ಗಾಯಿಸಲಾಯಿತು. ದರ ಮತ್ತು ಸೇವೆಯ ನಿಯಮಗಳು 2004ರಿಂದ ಟ್ರಾಯ್ ಸಂಸ್ಥೆಯ ವಶದಲ್ಲಿವೆ. ಸಂಕೇತಗಳನ್ನು ಅಂಕೀಯ ರೂಪಕ್ಕೆ ತಿರುಗಿಸಬೇಕೆಂಬ ನಿಯಮ 2011ರ ತಿದ್ದುಪಡಿಯಿಂದ ಬಂದಿತು.

ಹಾಗಾದರೆ ಜಿಲ್ಲೆಯಲ್ಲಿ ಏನೂ ಇಲ್ಲವೆ? ಉಂಟು. ಅಧಿನಿಯಮದ ಪ್ರಕಾರ ಜಿಲ್ಲಾ ದಂಡಾಧಿಕಾರಿ ಮತ್ತು ಉಪವಿಭಾಗ ದಂಡಾಧಿಕಾರಿ 'ಅಧಿಕೃತ ಅಧಿಕಾರಿ'ಗಳು. ನಿಯಮ ಮೀರಿದವರ ಯಂತ್ರೋಪಕರಣಗಳನ್ನು ಅವರು ವಶಪಡಿಸಿಕೊಳ್ಳಬಹುದು. 2008ರಲ್ಲಿ ಕೇಂದ್ರ ಸರ್ಕಾರವು ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಉಸ್ತುವಾರಿ ಸಮಿತಿಗಳನ್ನು ರಚಿಸಬೇಕೆಂದು ಆದೇಶಿಸಿತು. ಇನ್ನು ನಗರಸಭೆಯ ಕೈಯಲ್ಲಿರುವುದು ನೆಲ: ಅದರ ರಸ್ತೆಯನ್ನು ಅಗೆದು ತಂತಿ ಹೂಳುವುದಕ್ಕೆ ಅನುಮತಿ ಬೇಕು. ಪಂಚಾಯಿತಿ ಮತ್ತು ನಗರಾಡಳಿತಗಳು ಮನರಂಜನೆಯ ಮೇಲೆ ತೆರಿಗೆ ವಿಧಿಸಲು 2016ರ ತಿದ್ದುಪಡಿಯಾದ ಮೇಲೂ ಸಂವಿಧಾನದಲ್ಲಿ ಅವಕಾಶ ಉಳಿದಿದೆ.

ಈ ಅಧಿಕಾರಗಳೆಲ್ಲ ತಡೆಯುವ, ಅನುಮತಿಸುವ, ತೆರಿಗೆ ಪಡೆಯುವ ಅಧಿಕಾರಗಳೆಂಬುದನ್ನು ವಾಚಕರು ಗಮನಿಸಬೇಕು. 'ನಮ್ಮ ಊರಿಗೆ ಬೇಕಾದುದೇನು?' ಎಂದು ಕೇಳಿ ಬರೆದಿಡುವ ಕರ್ತವ್ಯ ಇವುಗಳಲ್ಲಿ ಕಾಣುವುದಿಲ್ಲ.

ಬೇರೆಡೆಯ ದಾರಿ, ನಮ್ಮದೇ ದಾರಿ

ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿ ಕೇಬಲ್ ಕಂಪೆನಿಯು ಬೀದಿಯನ್ನು ಬಳಸುವುದಕ್ಕಾಗಿ ಹಲವೆಡೆ ಊರಿನ ಆಡಳಿತದೊಡನೆ ಕರಾರು ಮಾಡಿಕೊಳ್ಳಬೇಕು. 1984ರ ಕಾನೂನಿನಂತೆ, ಕರಾರನ್ನು ನವೀಕರಿಸುವ ಮೊದಲು ಊರಿನ ಮುಂದಿನ ಸಂಪರ್ಕದ ಅಗತ್ಯಗಳನ್ನು ವಿಚಾರಣೆ ಮಾಡಿ ಗೊತ್ತುಪಡಿಸಬಹುದು. ಸಾರ್ವಜನಿಕರಿಗೆ, ಶಿಕ್ಷಣಕ್ಕೆ, ಆಡಳಿತಕ್ಕೆ ಕೆಲವು ವಾಹಿನಿಗಳನ್ನು ಮೀಸಲಿಡುವಂತೆ ಕೇಳಬಹುದು. ಕಂಪೆನಿಯ ವರಮಾನದಲ್ಲಿ ಶೇಕಡ 5ನ್ನು ಮೀರದ ಶುಲ್ಕವನ್ನೂ ಪಡೆಯಬಹುದು.

ಇಷ್ಟು ದೂರ ಹೋಗಬೇಕಾಗಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 2000ರ ದಶಕದ ಮೊದಲ ವರ್ಷಗಳಲ್ಲಿ 'ನಮ್ಮ ಧ್ವನಿ' ಎಂಬ ಸಮುದಾಯ ಕೇಂದ್ರ ಹುಟ್ಟಿತು. ಹಳ್ಳಿಯ ಸಂಘಗಳಿಗೆ ರೇಡಿಯೋ ಪರವಾನಗಿ ಕೊಡುವ ನೀತಿ ಆಗ ಇನ್ನೂ ಬಂದಿರಲಿಲ್ಲ. ಅದು ಬಂದುದು 2006ರಲ್ಲಿ. ಊರಿನವರು ಆಗ ತಮ್ಮ ಧ್ವನಿಯನ್ನು ಟೆಲಿವಿಷನ್ನಿನ ಕೇಬಲಿನಲ್ಲಿಯೇ ಹರಿಸಿದರು. ಸಿನಿಮಾ ತರುತ್ತಿದ್ದ ತಂತಿ ಊರಿನ ಮಾತನ್ನೂ ಹೊತ್ತಿತು.

ಯಾದಗಿರಿಯ ಅಗತ್ಯಗಳು

2009ರ ಡಿಸೆಂಬರಿನಲ್ಲಿ ರಚಿತವಾದ ಯಾದಗಿರಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 11,74,271. ಅಕ್ಷರಸ್ಥರ ಪ್ರಮಾಣ ಸುಮಾರು ಶೇಕಡ 52; ಆ ಗಣತಿಯಲ್ಲಿ ಇದು ರಾಜ್ಯದಲ್ಲಿಯೇ ಅತ್ಯಂತ ಕಡಿಮೆ. ಓದಲು ಬಾರದವನಿಗೆ ನೋಟೀಸು ಅಂಟಿಸಿ ಫಲವೇನು? ಅವನಿಗೆ ಧ್ವನಿಯೂ ಚಿತ್ರವೂ ಬೇಕು. ಜಿಲ್ಲೆಯನ್ನು ಕೃಷ್ಣೆ, ಭೀಮೆ ಎರಡೂ ನದಿಗಳು ಮುಟ್ಟುತ್ತವೆ. 2019ರಲ್ಲಿ ಕೃಷ್ಣೆ, 2020ರಲ್ಲಿ ಭೀಮೆ ಉಕ್ಕಿ ದಡದ ಹಳ್ಳಿಗಳನ್ನು ನಡುಗಿಸಿದವು. ಅಣೆಕಟ್ಟಿನಿಂದ ನೀರು ಬಿಡುವ ಸುದ್ದಿ ಹೊಳೆಯ ನೀರಿಗಿಂತ ಮುಂಚೆ ಊರನ್ನು ತಲುಪಬೇಕು. ಮೊಬೈಲುಗಳಿಗೆ ಏಕಕಾಲದಲ್ಲಿ ಎಚ್ಚರಿಕೆ ಕಳಿಸುವ ಪರೀಕ್ಷೆ ಕರ್ನಾಟಕದಲ್ಲಿ 2023ರಲ್ಲಿ ನಡೆಯಿತು. ಆದರೆ ಒಂದೇ ಸಾಧನವನ್ನು ನಂಬುವುದು ಜಾಣತನವಲ್ಲ. ಸಂಕೇತ ಸಿಗದ ಮೂಲೆಗಳೂ, ಮೊಬೈಲು ಕೈಯಲ್ಲಿಲ್ಲದ ಮುದುಕರೂ ಇದ್ದೇ ಇರುತ್ತಾರೆ.

ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯನ್ನು ಎಳೆಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ದೊರೆಯಿತು; ಈಗ ಅದರ ಹೆಸರು ಭಾರತ್‌ನೆಟ್. ಅಂತಹ ಎಳೆ ಪಂಚಾಯಿತಿಯ ಬಾಗಿಲಿಗೆ ಬಂದರೆ ಸಾಲದು. ಅಲ್ಲಿಂದ ಶಾಲೆಗೆ, ಆಸ್ಪತ್ರೆಗೆ, ಮನೆಗೆ ಅದು ಮುಂದುವರಿಯಬೇಕು. ಊರಿನ ಕೇಬಲ್ ನಿರ್ವಾಹಕನಿಗೆ ಯಾವ ಕಂಬದಿಂದ ಯಾವ ಮಾಳಿಗೆಗೆ ದಾರಿಯಿದೆಯೆಂಬುದು ಬಾಯಿಪಾಠ. ಆ ತಿಳಿವಳಿಕೆಯನ್ನು ಊರು ಬಳಸಿಕೊಳ್ಳಬಹುದು.

ವಿದ್ಯಾರ್ಥಿಗಳು ಇಲ್ಲಿ ಒಂದು ಕೆಲಸ ಮಾಡಬಹುದು. ತಮ್ಮ ಓಣಿಯಲ್ಲಿ ಯಾವ ಮನೆಗೆ ಯಾವ ಸಂಪರ್ಕವಿದೆ, ಮಳೆಗಾಲದಲ್ಲಿ ಎಷ್ಟು ಹೊತ್ತು ಕಡಿಯುತ್ತದೆ, ಪ್ರವಾಹದ ಸುದ್ದಿ ಮೊದಲು ಹೇಗೆ ತಿಳಿಯಿತು, ಇವನ್ನು ಕೇಳಿ ಪಟ್ಟಿ ಮಾಡಿ ವಾರ್ಡು ಸಭೆಯಲ್ಲಿ ಅಥವಾ ಗ್ರಾಮಸಭೆಯಲ್ಲಿ ಇಡಲಿ. 1975ರಲ್ಲಿ ಆಕಾಶದ ಪೆಟ್ಟಿಗೆಯ ಮುಂದೆ ನಮ್ಮ ಹಿರಿಯರು ಸುಮ್ಮನೆ ಕುಳಿತು ಕೇಳಿದರು. ಅವರಿಗೆ ಬೇರೆ ಉಪಾಯವಿರಲಿಲ್ಲ. ಇಂದು ತಂತಿ ಎರಡು ದಿಕ್ಕಿಗೂ ಸಂದೇಶ ಸಾಗಿಸಬಲ್ಲದು. ಹಿಂದಿರುಗಿ ಕಳಿಸಬೇಕಾದ ಮಾತನ್ನು ಸಿದ್ಧಪಡಿಸಿಕೊಳ್ಳುವುದು ನಮ್ಮ ಕೆಲಸ.